ನ್ಯಾಯಮೂರ್ತಿಗಳು ಯಾರ ಬೆಂಬಲಿತರು?

ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಕೈ ಇಲ್ಲ, ಕಮಲ ಇಲ್ಲ, ತೆನೆ ಹೊತ್ತ ಮಹಿಳೆ ಇಲ್ಲ. ಆದರೂ ಯಾರು ಯಾರ ಕಡೆ ಅಂತ ಊರಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಫಲಿತಾಂಶದ ಮರುದಿನ ಪೇಪರ್‌ನಲ್ಲಿ ‘ಕಾಂಗ್ರೆಸ್ ಬೆಂಬಲಿತರು ಇಷ್ಟು, ಬಿಜೆಪಿ ಬೆಂಬಲಿತರು ಇಷ್ಟು’ ಎಂದು ಬಂದೇ ಬರುತ್ತದೆ. ಈ ‘ಬೆಂಬಲಿತ’ ಎಂಬ ಪದ ಬಹಳ ಜಾಣ ಪದ. ಕಾನೂನಿಗೂ ಭಂಗವಿಲ್ಲ, ಓದುಗರಿಗೂ ಮೋಸವಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಡ್ಜ್ ಚುನಾವಣೆಯ ಸುದ್ದಿ ಓದುವಾಗ ನನಗೆ ಮೊದಲು ನೆನಪಾಗಿದ್ದು ಈ ಪದವೇ.

ಹೌದು, ಅಲ್ಲಿ ಜಡ್ಜ್‌ಗಳಿಗೂ ಚುನಾವಣೆ ನಡೆಯುತ್ತದೆ. ಎಲ್ಲರಿಗೂ ಅಲ್ಲ. ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಮತ್ತು ಉಳಿದ ಫೆಡರಲ್ (ಅಂದರೆ ಕೇಂದ್ರದ) ಕೋರ್ಟುಗಳ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ. ಅವರು ಬದುಕಿರುವವರೆಗೂ ಆ ಕುರ್ಚಿಯಲ್ಲಿ ಕೂರಬಹುದು. ಆದರೆ ಪ್ರತಿ ರಾಜ್ಯಕ್ಕೂ ಅದರದೇ ಸುಪ್ರೀಂ ಕೋರ್ಟ್ ಇದೆ. ನಮ್ಮ ಹೈಕೋರ್ಟ್ ಇದ್ದ ಹಾಗೆ ಅಂದುಕೊಳ್ಳಿ. 38 ರಾಜ್ಯಗಳಲ್ಲಿ ಈ ಕೋರ್ಟಿನ ನ್ಯಾಯಮೂರ್ತಿಗಳು ಒಂದಲ್ಲ ಒಂದು ರೀತಿಯಲ್ಲಿ ಮತದಾರರ ಮುಂದೆ ಹೋಗಲೇಬೇಕು. ಕೆಲವು ಕಡೆ ಹೆಸರಿನ ಪಕ್ಕ ಪಕ್ಷವೂ ಇರುತ್ತದೆ: ಟೆಕ್ಸಸ್, ಅಲಬಾಮ, ನಾರ್ತ್ ಕೆರೊಲಿನಾ. ಕೆಲವು ಕಡೆ ಬರೀ ಹೆಸರು: ವಿಸ್ಕಾನ್ಸಿನ್, ಮಿನ್ನೆಸೋಟ. ಇನ್ನು ಕೆಲವು ಕಡೆ ಎದುರಾಳಿಯೇ ಇಲ್ಲ. ಈ ಜಡ್ಜ್ ಮುಂದುವರಿಯಬೇಕಾ ಬೇಡವಾ ಎಂಬುದಷ್ಟೇ ಪ್ರಶ್ನೆ.

2025ರ ಏಪ್ರಿಲ್ 1ರಂದು ವಿಸ್ಕಾನ್ಸಿನ್‌ನಲ್ಲಿ ಒಂದೇ ಒಂದು ಕುರ್ಚಿಗೆ ಮತದಾನ ನಡೆಯಿತು. ಸೂಸನ್ ಕ್ರಾಫರ್ಡ್ ಎದುರು ಬ್ರ್ಯಾಡ್ ಶಿಮೆಲ್. ಮತಪತ್ರದಲ್ಲಿ ಇಬ್ಬರಿಗೂ ಪಕ್ಷ ಇಲ್ಲ. ಆದರೆ ಶಿಮೆಲ್ ಹಿಂದೆ ರಿಪಬ್ಲಿಕನ್ ಪಕ್ಷದಿಂದ ಗೆದ್ದು ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು, ಟ್ರಂಪ್ ಬೆಂಬಲವೂ ಅವರಿಗೇ. ಕ್ರಾಫರ್ಡ್ ಬೆನ್ನಿಗೆ ಡೆಮಾಕ್ರಟಿಕ್ ಪಕ್ಷ ನಿಂತಿತ್ತು. ಎರಡೂ ಕಡೆಯಿಂದ ಸೇರಿ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ಆಗಿನ ದರದಲ್ಲಿ 850 ಕೋಟಿ ರೂಪಾಯಿ. ಒಂದು ಕುರ್ಚಿಗೆ!

ಈಲಾನ್ ಮಸ್ಕ್ ಮತ್ತು ಅವರ ನಂಟಿನ ಗುಂಪುಗಳು ಅದರಲ್ಲಿ 2 ಕೋಟಿ ಡಾಲರ್‌ಗೂ ಹೆಚ್ಚು ಸುರಿದವು. ಮತದಾನಕ್ಕೆ ಎರಡು ದಿನ ಮುಂಚೆ ಗ್ರೀನ್ ಬೇ ಊರಿನ ಸಭೆಯಲ್ಲಿ ಮಸ್ಕ್ ಚೀಸ್ ತುಂಡಿನ ಆಕಾರದ ಟೋಪಿ ಹಾಕಿಕೊಂಡು ಬಂದು, ಇಬ್ಬರಿಗೆ ತಲಾ 10 ಲಕ್ಷ ಡಾಲರ್ ಚೆಕ್ ಕೊಟ್ಟರು. ನಮ್ಮಲ್ಲಿ ಕುಕ್ಕರ್, ಸೀರೆ ಹಂಚಿದವರು ಇದನ್ನು ನೋಡಿ ನಾಚಿಕೊಳ್ಳಬೇಕು ಅಲ್ವಾ? ಇನ್ನೊಂದು ವಿಷಯ. ಅದೇ ವರ್ಷದ ಜನವರಿಯಲ್ಲಿ ಮಸ್ಕ್ ಅವರ ಟೆಸ್ಲಾ ಕಾರು ಕಂಪನಿ ವಿಸ್ಕಾನ್ಸಿನ್ ರಾಜ್ಯದ ಮೇಲೆ ಕೇಸು ಹಾಕಿತ್ತು. ಅಲ್ಲಿನ ಕಾನೂನಿನಿಂದಾಗಿ ಕಂಪನಿ ತನ್ನದೇ ಶೋರೂಂ ತೆರೆಯುವಂತಿರಲಿಲ್ಲ, ಅದಕ್ಕೆ. ಕೊನೆಗೆ ಕ್ರಾಫರ್ಡ್ ಸುಮಾರು 55 ಪರ್ಸೆಂಟ್ ಮತ ಪಡೆದು ಗೆದ್ದರು. ದುಡ್ಡು ಸುರಿದರೂ ಸೋಲಬಹುದು ಎಂದು ಡೆಮಾಕ್ರಟರು ಖುಷಿಪಟ್ಟರು. ಅವರ ಕಡೆಯಿಂದಲೂ ದೊಡ್ಡ ದುಡ್ಡೇ ಹರಿದಿತ್ತು. ಜಾರ್ಜ್ ಸೊರೋಸ್ ಮತ್ತು ಇಲಿನಾಯ್ ಗವರ್ನರ್ ಜೆ.ಬಿ. ಪ್ರಿಟ್ಜ್‌ಕರ್ ಇಬ್ಬರೂ ರಾಜ್ಯದ ಡೆಮಾಕ್ರಟಿಕ್ ಪಕ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಕೊಟ್ಟಿದ್ದರು. ಖುಷಿಯ ಗದ್ದಲದಲ್ಲಿ ಆ ಮಾತು ಯಾರೂ ಎತ್ತಲಿಲ್ಲ.

ಚಿಹ್ನೆ ತೆಗೆದರೆ ಪಕ್ಷ ಹೋಗುವುದಿಲ್ಲ ಎಂಬುದು ಇಲ್ಲಿಗೆ ಸ್ಪಷ್ಟ. ಹಾಗಾದರೆ ಚಿಹ್ನೆ ಹಾಕಿಯೇ ಬಿಟ್ಟರೆ? ಕದ್ದು ಮುಚ್ಚಿ ಯಾಕೆ, ನೇರವಾಗಿ ಹೇಳಿಬಿಡಲಿ ಎನ್ನುವವರು ಅಲ್ಲಿ ತುಂಬಾ ಜನ. ಅವರಿಗಾಗಿ ನಾರ್ತ್ ಕೆರೊಲಿನಾ ಕಥೆ ಹೇಳಬೇಕು.

ಆ ರಾಜ್ಯ ಎರಡೂ ದಾರಿ ನೋಡಿದೆ. 2004ರಿಂದ ಅದರ ಸುಪ್ರೀಂ ಕೋರ್ಟ್ ಚುನಾವಣೆಗೆ ಪಕ್ಷದ ಹೆಸರು ಇರಲಿಲ್ಲ. ಅಭ್ಯರ್ಥಿಗಳು ದೊಡ್ಡ ದೇಣಿಗೆಗೆ ಕೈಚಾಚದಿರಲಿ ಎಂದು ಸರ್ಕಾರವೇ ಪ್ರಚಾರಕ್ಕೆ ಹಣ ಕೊಡುವ ವ್ಯವಸ್ಥೆಯೂ ಇತ್ತು. 2013ರಲ್ಲಿ ಆ ಹಣ ನಿಂತಿತು. 2018ರ ಹೊತ್ತಿಗೆ ಪಕ್ಷದ ಹೆಸರು ವಾಪಸ್ ಬಂತು. ಎರಡನ್ನೂ ಮಾಡಿದ್ದು ರಿಪಬ್ಲಿಕನ್ ಬಹುಮತದ ಶಾಸನಸಭೆ.

2020ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಪಾಲ್ ನ್ಯೂಬಿ 401 ಮತಗಳಿಂದ ಗೆದ್ದರು. 2022ರಲ್ಲಿ ಕೋರ್ಟಿನ ಬಹುಮತ ಡೆಮಾಕ್ರಟರ ಕೈಯಿಂದ ರಿಪಬ್ಲಿಕನ್ನರಿಗೆ ಹೋಯಿತು, 5-2. ಹಿಂದಿನ ಕೋರ್ಟು ‘ಒಂದು ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರದ ಗಡಿ ಕೊರೆಯುವುದು ರಾಜ್ಯ ಸಂವಿಧಾನಕ್ಕೆ ವಿರುದ್ಧ’ ಎಂದು ತೀರ್ಪು ಕೊಟ್ಟಿತ್ತು. ಹೊಸ ಕೋರ್ಟು 2023ರ ಏಪ್ರಿಲ್‌ನಲ್ಲಿ ಅದನ್ನೇ ತಿರುಗಿಸಿ ಹಾಕಿತು. ಸಂವಿಧಾನದ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾಗಿದ್ದು ಕುರ್ಚಿಯಲ್ಲಿ ಕೂತವರು. ಕ್ಷೇತ್ರಗಳ ಹೊಸ ನಕ್ಷೆಯಲ್ಲಿ 2024ರ ಚುನಾವಣೆ ನಡೆದಾಗ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಆ ರಾಜ್ಯದ ಬಲಾಬಲ 7-7 ಇದ್ದದ್ದು ರಿಪಬ್ಲಿಕನ್ 10, ಡೆಮಾಕ್ರಟ್ 4 ಆಯಿತು.

ಅದೇ 2024ರ ನವೆಂಬರ್‌ನಲ್ಲಿ ಇನ್ನೊಂದು ಕುರ್ಚಿಗೆ ಚುನಾವಣೆ. ಕುರ್ಚಿಯಲ್ಲಿದ್ದ ಡೆಮಾಕ್ರಟ್ ಆಲಿಸನ್ ರಿಗ್ಸ್ ಎದುರು ರಿಪಬ್ಲಿಕನ್ ಜೆಫರ್ಸನ್ ಗ್ರಿಫಿನ್. ಚಲಾವಣೆಯಾದದ್ದು 55 ಲಕ್ಷಕ್ಕೂ ಹೆಚ್ಚು ಮತ. ಗೆಲುವಿನ ಅಂತರ 734. ಮರುಎಣಿಕೆ ಆಯಿತು, ರಿಗ್ಸ್ ಅವರೇ ಮುಂದೆ. ಆಗ ಗ್ರಿಫಿನ್ 60 ಸಾವಿರಕ್ಕೂ ಹೆಚ್ಚು ಮತಗಳನ್ನು ಲೆಕ್ಕದಿಂದ ತೆಗೆಯಿರಿ ಎಂದು ಕೇಳಿದರು. ಹೆಚ್ಚಿನವರ ಮೇಲಿದ್ದ ತಕರಾರು, ನೋಂದಣಿ ದಾಖಲೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರೋ ಸೋಶಿಯಲ್ ಸೆಕ್ಯುರಿಟಿ ನಂಬರೋ ಇಲ್ಲ ಎನ್ನುವುದು. ಸೇನೆಯಲ್ಲಿದ್ದು ಅಥವಾ ವಿದೇಶದಲ್ಲಿದ್ದು ವೋಟು ಕಳಿಸಿದವರ ಮೇಲೂ ತಕರಾರು. ಫೋಟೊ ಗುರುತಿನ ಚೀಟಿ ಲಗತ್ತಿಸಿಲ್ಲ ಅಂತ. ಆದರೆ ಈ ಎರಡನೇ ತಕರಾರು ಡೆಮಾಕ್ರಟರಿಗೆ ಜಾಸ್ತಿ ಮತ ಬೀಳುವ ಕೆಲವೇ ಕೌಂಟಿಗಳಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಸೀಮಿತ. ಉಳಿದ ಕೌಂಟಿಗಳಲ್ಲಿ ಅದೇ ನಿಯಮದಡಿ ಬಂದ ಮತ ಸರಿ, ಇಲ್ಲಿ ಮಾತ್ರ ತಪ್ಪು! ತಕರಾರಿನ ಪಟ್ಟಿಯಲ್ಲಿ ರಿಗ್ಸ್ ಅವರ ಅಪ್ಪ ಅಮ್ಮನ ಹೆಸರೂ ಇತ್ತು.

ಗ್ರಿಫಿನ್ ಸುಮ್ನೆ ಒಬ್ಬ ಅಭ್ಯರ್ಥಿ ಆಗಿರಲಿಲ್ಲ. ಅವರು ಅದೇ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಹಾಲಿ ನ್ಯಾಯಾಧೀಶರು. ಅವರ ಕೇಸು ಬಂದದ್ದು ಅವರದೇ ಸಹೋದ್ಯೋಗಿಗಳ ಮುಂದೆ. 2-1ರಲ್ಲಿ ಗ್ರಿಫಿನ್ ಕಡೆಗೆ ತೀರ್ಪಾಯಿತು. ಅಲ್ಲಿಂದ ರಾಜ್ಯ ಸುಪ್ರೀಂ ಕೋರ್ಟಿಗೆ, ಅಂದರೆ ಯಾವ ಕೋರ್ಟಿನ ಕುರ್ಚಿಗಾಗಿ ಜಗಳವೋ ಅದೇ ಕೋರ್ಟಿಗೆ. ರಿಗ್ಸ್ ವಿಚಾರಣೆಯಿಂದ ಹೊರಗೆ ಉಳಿದರು. ಉಳಿದವರಲ್ಲಿ ಐವರು ರಿಪಬ್ಲಿಕನ್ನರು. ಕೋರ್ಟು ದೊಡ್ಡ ಪಟ್ಟಿಯನ್ನು ಕೈಬಿಟ್ಟಿತು, ಅಧಿಕಾರಿಗಳ ತಪ್ಪಿಗೆ ಮತದಾರರನ್ನು ಶಿಕ್ಷಿಸಲಾಗದು ಎಂದಿತು. ಆದರೆ ವಿದೇಶದ ಮತಗಳ ವಿಷಯದಲ್ಲಿ ಗ್ರಿಫಿನ್‌ಗೆ ದಾರಿ ಬಿಟ್ಟಿತು. ಚುನಾವಣೆ ಮುಗಿದು ಐದು ತಿಂಗಳಾದ ಮೇಲೆ ಆಟದ ನಿಯಮ ಬದಲಾದ ಹಾಗಾಯಿತು. ರಿಪಬ್ಲಿಕನ್ನರಲ್ಲಿ ರಿಚರ್ಡ್ ಡೀಟ್ಜ್ ಒಬ್ಬರೇ ಬೇರೆ ದಾರಿ ಹಿಡಿದು ಭಿನ್ನಮತ ಬರೆದರು.

ಕೊನೆಗೆ ಇದನ್ನು ಮುಗಿಸಿದ್ದು ಫೆಡರಲ್ ಜಿಲ್ಲಾ ನ್ಯಾಯಾಧೀಶ ರಿಚರ್ಡ್ ಮೈಯರ್ಸ್. ಆಟ ಮುಗಿದ ಮೇಲೆ ನಿಯಮ ಬದಲಿಸುವಂತಿಲ್ಲ ಎಂಬ ಧಾಟಿಯಲ್ಲಿ ಅವರು 2025ರ ಮೇ 5ರಂದು ರಿಗ್ಸ್ ಪರ ತೀರ್ಪು ಕೊಟ್ಟರು. ಎರಡು ದಿನದಲ್ಲಿ ಗ್ರಿಫಿನ್ ಸೋಲೊಪ್ಪಿಕೊಂಡರು. ಮತದಾನವಾಗಿ ಆರು ತಿಂಗಳು ಕಳೆದಿತ್ತು. ಮೈಯರ್ಸ್ ಅವರನ್ನು ನೇಮಿಸಿದ್ದು ಯಾರು ಗೊತ್ತಾ? ಟ್ರಂಪ್. ಈ ಹೆಸರು ನೆನಪಿನಲ್ಲಿರಲಿ, ಮತ್ತೆ ಬರುತ್ತೇನೆ.

ಚಿಹ್ನೆ ಇಲ್ಲದ ವಿಸ್ಕಾನ್ಸಿನ್, ಚಿಹ್ನೆ ಇರುವ ನಾರ್ತ್ ಕೆರೊಲಿನಾ, ಎರಡೂ ಒಂದೇ ಜಾಗಕ್ಕೆ ಬಂದು ನಿಂತದ್ದು ಯಾಕೆ? ಜಡ್ಜ್ ಚುನಾವಣೆ ಅಲ್ಲಿ ನಿನ್ನೆ ಮೊನ್ನೆಯದಲ್ಲ. 1832ರಲ್ಲಿ ಮಿಸಿಸಿಪಿ ತನ್ನ ಎಲ್ಲ ಜಡ್ಜ್‌ಗಳನ್ನು ಚುನಾವಣೆಗೆ ಬಿಟ್ಟ ಮೊದಲ ರಾಜ್ಯವಾಯಿತು, 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿದ ಮೇಲೆ ಸಾಲು ಸಾಲಾಗಿ ಉಳಿದ ರಾಜ್ಯಗಳು ಬಂದವು. ತಮಾಷೆ ಎಂದರೆ ಆಗ ಉದ್ದೇಶ ಇದ್ದದ್ದೇ ಜಡ್ಜ್‌ಗಳನ್ನು ರಾಜಕೀಯದಿಂದ ಬಿಡಿಸುವುದು. ಗವರ್ನರ್ ಮತ್ತು ಶಾಸಕರು ತಮ್ಮವರನ್ನೇ ಕೂರಿಸುತ್ತಿದ್ದರು. ಜನರೇ ಆರಿಸಿದರೆ ಜಡ್ಜ್ ಯಾರ ಹಂಗಿಗೂ ಬೀಳುವುದಿಲ್ಲ ಎಂದು ನಂಬಿದ್ದರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಈ ಚುನಾವಣೆಗಳು ಹೆಚ್ಚಾಗಿ ಯಾರೂ ತಲೆಕೆಡಿಸಿಕೊಳ್ಳದ ಚುನಾವಣೆಗಳೇ ಆಗಿದ್ದವು.

ಅದನ್ನು ದೊಡ್ಡದು ಮಾಡಿದ್ದು ವಾಷಿಂಗ್ಟನ್‌ನ ಸುಪ್ರೀಂ ಕೋರ್ಟೇ. ಮೂರು ತೀರ್ಪು ಸಾಕು. 2002ರಲ್ಲಿ ಮಿನ್ನೆಸೋಟದ ಕೇಸಿನಲ್ಲಿ, ವಿವಾದದ ವಿಷಯಗಳ ಬಗ್ಗೆ ಜಡ್ಜ್ ಅಭ್ಯರ್ಥಿಗಳು ಬಾಯಿಬಿಡಬಾರದು ಎಂಬ ನಿಯಮ ಬಿತ್ತು. 2019ರಲ್ಲಿ, ಅದೂ ನಾರ್ತ್ ಕೆರೊಲಿನಾದಿಂದಲೇ ಹೋದ ಕೇಸಿನಲ್ಲಿ, ಪಕ್ಷದ ಲಾಭಕ್ಕೆ ಗಡಿ ಕೊರೆಯುವ ಜಗಳ ಫೆಡರಲ್ ಕೋರ್ಟುಗಳಿಗೆ ಬೇಡ, ರಾಜ್ಯಗಳಲ್ಲಿ ನೋಡಿಕೊಳ್ಳಿ ಎಂದಾಯಿತು. 2022ರಲ್ಲಿ ಗರ್ಭಪಾತದ ಹಕ್ಕೂ ರಾಜ್ಯಗಳ ಪಾಲಿಗೆ ಹೋಯಿತು. ದೇಶದ ಎರಡು ದೊಡ್ಡ ಜಗಳಗಳು ರಾಜ್ಯದ ಏಳು ಜನರ ಕೈಗೆ ಬಂದವು. ಒಬ್ಬರು ಬದಲಾದರೆ 3-4 ಹೋಗಿ 4-3 ಆಗುತ್ತದೆ. ದುಡ್ಡಿರುವವರು ಲೆಕ್ಕ ಹಾಕದೆ ಬಿಡುತ್ತಾರಾ?

ಲೆಕ್ಕ ಸರಿಯಾಗಿಯೇ ಇತ್ತು. 2023ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಜ್ಯಾನೆಟ್ ಪ್ರೊಟಸೇವಿಚ್ ಗೆದ್ದು ಉದಾರವಾದಿಗಳಿಗೆ, ಅಂದರೆ ಡೆಮಾಕ್ರಟರ ಕಡೆಯವರಿಗೆ, 4-3 ಬಹುಮತ ಬಂತು. ಪ್ರಚಾರದಲ್ಲೇ ಅವರು ಕ್ಷೇತ್ರಗಳ ನಕ್ಷೆಯಲ್ಲಿ ಮೋಸ ಇದೆ ಎಂದಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ನಕ್ಷೆ ಬಿತ್ತು, 4-3. 2025ರ ಜುಲೈನಲ್ಲಿ 1849ರ ಗರ್ಭಪಾತ ನಿಷೇಧವೂ ಬಿತ್ತು, ಅದೇ 4-3. ನಕ್ಷೆಯಲ್ಲಿ ಮೋಸ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ತೀರ್ಪು ಏನು ಎಂದು ಮತದಾನದ ದಿನವೇ ಗೊತ್ತಿದ್ದರೆ ವಕೀಲರು ವಾದ ಮಾಡುವುದು ಯಾರಿಗಾಗಿ?

ಚಿಹ್ನೆಯಿಂದ ಲಾಭವೇ ಇಲ್ಲವೆಂದಲ್ಲ. ಜಡ್ಜ್ ಹುದ್ದೆಗಳು ಉದ್ದದ ಮತಪತ್ರದ ಕೊನೆಯಲ್ಲಿರುತ್ತವೆ. ಮತದಾರರಿಗೆ ಒಂದು ಹೆಸರೂ ಪರಿಚಯ ಇರುವುದಿಲ್ಲ. 1976ರಲ್ಲಿ ಟೆಕ್ಸಸ್‌ನಲ್ಲಿ ಡಾನ್ ಯಾರ್‌ಬ್ರೋ ಎಂಬ ವಕೀಲ ಡೆಮಾಕ್ರಟರ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಗೆದ್ದು ರಾಜ್ಯದ ಸುಪ್ರೀಂ ಕೋರ್ಟ್ ಸೇರಿದ. ಅವನ ಮೇಲೇ ಹಲವು ಕೇಸುಗಳಿದ್ದವು. ಹೆಚ್ಚು ಕಡಿಮೆ ಅದೇ ಹೆಸರಿನ ಇಬ್ಬರು ಹೆಸರಾಂತ ರಾಜಕಾರಣಿಗಳು ಆ ರಾಜ್ಯದಲ್ಲಿದ್ದರು, ಅಷ್ಟೇ ಅವನ ಬಂಡವಾಳ. ಒಂದು ವರ್ಷವೂ ತುಂಬುವ ಮೊದಲು ರಾಜೀನಾಮೆ ಕೊಟ್ಟು ಹೋದ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಜೊತೆಗೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದದ್ದು ನೆನಪಿದೆಯಲ್ಲ? ಅಲ್ಲಿ ಜನ ಎಚ್ಚರದಿಂದಿದ್ದರು, ಯಾಕೆಂದರೆ ಆ ಚುನಾವಣೆ ಮನೆಮನೆಯ ಮಾತಾಗಿತ್ತು. ಜಡ್ಜ್ ಚುನಾವಣೆ ಹಾಗಲ್ಲ. ಪಕ್ಷದ ಹೆಸರಿದ್ದರೆ ಮತದಾರರಿಗೆ ಹಿಡಿಯಲು ಒಂದು ಎಳೆಯಾದರೂ ಸಿಗುತ್ತದೆ.

ಆದರೆ ಆ ಎಳೆ ಹಿಡಿದರೆ ಬೇರೆಲ್ಲ ಮರೆತುಹೋಗುತ್ತದೆ. 2018ರಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 59 ಜಡ್ಜ್ ಹುದ್ದೆಗಳಿಗೆ ಚುನಾವಣೆ ನಡೆದು 59ನ್ನೂ ಡೆಮಾಕ್ರಟರು ಗೆದ್ದರು. ಚೆನ್ನಾಗಿ ಕೆಲಸ ಮಾಡಿದ ರಿಪಬ್ಲಿಕನ್ ಜಡ್ಜ್, ಸೋಮಾರಿ ರಿಪಬ್ಲಿಕನ್ ಜಡ್ಜ್, ಇಬ್ಬರೂ ಒಟ್ಟಿಗೇ ಮನೆಗೆ. ಓಹಾಯೊ 2021ರಲ್ಲಿ ಕಾನೂನು ತಂದು ಸುಪ್ರೀಂ ಕೋರ್ಟ್ ಅಭ್ಯರ್ಥಿಗಳ ಪಕ್ಕ ಪಕ್ಷದ ಹೆಸರು ಹಾಕಿತು. ಅದಕ್ಕೂ ಮುಂಚಿನ ಎರಡು ಚುನಾವಣೆಗಳಲ್ಲಿ ಡೆಮಾಕ್ರಟರು ಮೂರು ಕುರ್ಚಿ ಗೆದ್ದಿದ್ದರು. ಹೆಸರು ಬಂದ ಮೇಲಿನ ಎರಡು ಚುನಾವಣೆಗಳಲ್ಲಿ ಆರಕ್ಕೆ ಆರೂ ರಿಪಬ್ಲಿಕನ್ನರದ್ದು. ಈಗ ಅಲ್ಲಿ 6-1.

ಹಾಗಾಗಿ ಚಿಹ್ನೆ ಇರಬೇಕಾ ಬೇಡವಾ ಎಂಬ ಜಗಳ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ನಿಜವಾದ ಕಾಟ ಬೇರೆ ಕಡೆ ಇದೆ. ಗೆದ್ದ ಜಡ್ಜ್ ಮತ್ತೆ ವೋಟು ಕೇಳಲು ಹೋಗಬೇಕಲ್ಲ, ಅಲ್ಲಿ.

ಪೆನ್ಸಿಲ್ವೇನಿಯಾದಲ್ಲಿ ಹ್ಯೂಬರ್ ಮತ್ತು ಗಾರ್ಡನ್ ಎಂಬ ಇಬ್ಬರು ಸಂಶೋಧಕರು ಸಾವಿರಾರು ಶಿಕ್ಷೆಗಳನ್ನು ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದರು. ಮತದಾನ ಹತ್ತಿರ ಬಂದ ಹಾಗೆ ಅದೇ ಜಡ್ಜ್‌ಗಳು ಕೊಡುವ ಜೈಲು ಶಿಕ್ಷೆ ಉದ್ದವಾಗುತ್ತಿತ್ತು. ಆ ರಾಜ್ಯದಲ್ಲಿ ಎರಡನೇ ಸಲ ಎದುರಾಳಿಯೇ ಇರುವುದಿಲ್ಲ, ಬರೀ ‘ಮುಂದುವರಿಯಲಿ, ಬೇಡ’ ಎಂಬ ಮತ. ಆ ಭಯವೇ ಸಾಕಾಯಿತು. ಅಲಬಾಮದಲ್ಲಿ ಇನ್ನೂ ಕ್ರೂರ. ಅಲ್ಲಿ ಜ್ಯೂರಿ ಜೀವಾವಧಿ ಸಾಕು ಎಂದರೂ ಜಡ್ಜ್ ಗಲ್ಲಿಗೆ ಹಾಕಬಹುದಾಗಿತ್ತು. ನೂರರ ಸುತ್ತಮುತ್ತ ಅಂಥ ಶಿಕ್ಷೆಗಳಾದವು. ಇದರ ಹಿಂದೆ ಚುನಾವಣೆಯ ಒತ್ತಡ ಇದೆ ಎಂದು ವಾಷಿಂಗ್ಟನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೊಟೊಮೇಯರ್ 2013ರಲ್ಲಿ ಬರೆದರು. 2017ರಲ್ಲಿ ಆ ಅಧಿಕಾರ ರದ್ದಾಯಿತು. ಅಯೋವದಲ್ಲಿ 2009ರಲ್ಲಿ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಸಲಿಂಗ ಮದುವೆಗೆ ಹಾದಿ ಮಾಡಿದರು. ಮರುವರ್ಷ ಮತದಾರರ ಮುಂದೆ ಹೋಗಬೇಕಿದ್ದ ಮೂವರೂ ಮನೆಗೆ ಹೋದರು. ಉಳಿದ ನಾಲ್ವರು ಉಳಿದದ್ದು ಅವರ ಸರದಿ ಆ ವರ್ಷ ಇರಲಿಲ್ಲ ಎಂಬ ಕಾರಣಕ್ಕೆ.

ಈಗ ಮೈಯರ್ಸ್ ಹೆಸರಿಗೆ ಬರೋಣ. ತಮ್ಮನ್ನು ನೇಮಿಸಿದ ಪಕ್ಷದ ಅಭ್ಯರ್ಥಿಗೆ ಅವರು ‘ಇಲ್ಲ’ ಎಂದರು. ಅವರು ಯಾರ ಬಳಿಯೂ ವೋಟು ಕೇಳಬೇಕಿರಲಿಲ್ಲ. ಓಹಾಯೊದಲ್ಲಿ 2022ರಲ್ಲಿ ರಿಪಬ್ಲಿಕನ್ನರು ಬರೆದ ನಕ್ಷೆಗಳನ್ನು 4-3ರಲ್ಲಿ ಮತ್ತೆ ಮತ್ತೆ ತಿರಸ್ಕರಿಸಿದಾಗ ನಾಲ್ಕನೇ ಮತ ಕೊಟ್ಟದ್ದು ಮುಖ್ಯ ನ್ಯಾಯಮೂರ್ತಿ ಮೌರೀನ್ ಓಕಾನರ್, ರಿಪಬ್ಲಿಕನ್ ಪಕ್ಷದವರೇ. ವಯಸ್ಸಿನ ಮಿತಿಯಿಂದಾಗಿ ಅವರು ಮತ್ತೆ ಸ್ಪರ್ಧಿಸುವಂತಿರಲಿಲ್ಲ. ಎರಡು ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದು, ನಿಜ. ಡೀಟ್ಜ್ ಮುಂದೆ ಮತ್ತೆ ಮತದಾರರ ಬಳಿ ಹೋಗಬೇಕಾದವರು, ಆದರೂ ಭಿನ್ನಮತ ಬರೆದರು. ಅವರಂಥವರು ನನ್ನ ವಾದಕ್ಕೆ ಅಡ್ಡ ಬರುತ್ತಾರೆ, ಬರಲಿ. ಆದರೆ ವ್ಯವಸ್ಥೆಯನ್ನು ಧೈರ್ಯವಂತರನ್ನು ನಂಬಿ ಕಟ್ಟುವುದಕ್ಕಾಗುವುದಿಲ್ಲ. ಒಂದೇ ಸಲ ಆರಿಸಿ, ಹನ್ನೆರಡೋ ಹದಿನೈದೋ ವರ್ಷ ಕೊಡಿ, ಮತ್ತೆ ನಿಲ್ಲುವ ಹಾಗಿಲ್ಲ ಎನ್ನಿ. ಪಕ್ಷದ ಹೆಸರು ಬೇಕಾದರೆ ಇರಲಿ. ನನ್ನ ಮಟ್ಟಿಗೆ ಅರ್ಧ ರೋಗ ಅಲ್ಲೇ ಹೋಗುತ್ತದೆ.

ಇನ್ನರ್ಧ ದುಡ್ಡು. ಅದಕ್ಕೆ ವೆಸ್ಟ್ ವರ್ಜೀನಿಯಾದ ಕೇಪರ್ಟನ್ ಕೇಸು. ಮ್ಯಾಸಿ ಎಂಬ ದೊಡ್ಡ ಕಲ್ಲಿದ್ದಲು ಕಂಪನಿ ಹ್ಯೂ ಕೇಪರ್ಟನ್ ಎಂಬ ಸಣ್ಣ ಗಣಿ ಮಾಲೀಕರನ್ನು ಮುಳುಗಿಸಿತು ಎಂದು 2002ರಲ್ಲಿ ಜ್ಯೂರಿ 5 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಕೇಸು ರಾಜ್ಯದ ಮೇಲಿನ ಕೋರ್ಟಿಗೆ ಹೋಗುವ ಮುಂಚೆ 2004ರ ಚುನಾವಣೆ ಬಂತು. ಮ್ಯಾಸಿ ಮುಖ್ಯಸ್ಥ ಡಾನ್ ಬ್ಲ್ಯಾಂಕೆನ್‌ಶಿಪ್ ಹಾಲಿ ನ್ಯಾಯಮೂರ್ತಿಯನ್ನು ಸೋಲಿಸಿ ಬ್ರೆಂಟ್ ಬೆಂಜಮಿನ್ ಅವರನ್ನು ಗೆಲ್ಲಿಸಲು 30 ಲಕ್ಷ ಡಾಲರ್ ಹಾಕಿದರು. ಅಭ್ಯರ್ಥಿಯ ಕೈಗೆ ನೇರ ಕೊಟ್ಟದ್ದು ಕಾನೂನಿನ ಮಿತಿಯಾದ 1,000 ಡಾಲರ್ ಮಾತ್ರ. ಉಳಿದದ್ದೆಲ್ಲ ಹೊರಗಿನ ಗುಂಪಿಗೆ ಮತ್ತು ಜಾಹೀರಾತಿಗೆ. ಬೆಂಜಮಿನ್ ಗೆದ್ದರು. ಕೇಸಿನಿಂದ ಹಿಂದೆ ಸರಿಯಿರಿ ಎಂದರೆ ಸರಿಯಲಿಲ್ಲ. 2007ರಲ್ಲಿ 3-2ರಲ್ಲಿ ಪರಿಹಾರ ರದ್ದಾಯಿತು. ಮೂವರಲ್ಲಿ ಒಬ್ಬರು ಬೆಂಜಮಿನ್. ಇನ್ನೊಬ್ಬ ನ್ಯಾಯಮೂರ್ತಿ ಬ್ಲ್ಯಾಂಕೆನ್‌ಶಿಪ್ ಜೊತೆ ಫ್ರಾನ್ಸ್ ಕಡಲತೀರದಲ್ಲಿ ರಜೆ ಕಳೆಯುತ್ತಿದ್ದ ಫೋಟೊಗಳೂ ಹೊರಬಂದವು!

2009ರಲ್ಲಿ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ 5-4ರಲ್ಲಿ ಬೆಂಜಮಿನ್ ಸರಿಯಲೇಬೇಕಿತ್ತು ಎಂದಿತು. ದೊಡ್ಡ ಗೆಲುವು ಎಂದು ಎಲ್ಲರೂ ಬರೆದರು. ಕೇಸು ವಾಪಸ್ ಬಂತು, ಬೆಂಜಮಿನ್ ಇಲ್ಲದೆ ಮತ್ತೆ ವಿಚಾರಣೆ ನಡೆಯಿತು, ಮ್ಯಾಸಿ ಮತ್ತೆ ಗೆದ್ದಿತು. ತತ್ವ ಗೆದ್ದಿತು, ಕೇಪರ್ಟನ್‌ಗೆ ಆ 5 ಕೋಟಿ ಬರಲಿಲ್ಲ. ಇಷ್ಟು ದೊಡ್ಡ ಮೊತ್ತಕ್ಕೆ ಮಾತ್ರ ಈ ನಿಯಮ ಅನ್ವಯ. ಅದಕ್ಕಿಂತ ಕಡಿಮೆ ಕೊಟ್ಟವರ ಕೇಸು ಕೇಳುವುದಾ ಬೇಡವಾ ಎಂದು ಬಹಳ ಕಡೆ ಆ ಜಡ್ಜ್ ತಾವೇ ತೀರ್ಮಾನಿಸುತ್ತಾರೆ.

ನಮ್ಮಲ್ಲಿ ಚುನಾವಣೆ ಇಲ್ಲ, ಹಿರಿಯ ಜಡ್ಜ್‌ಗಳೇ ಹೊಸಬರನ್ನು ಆರಿಸುವ ಕೊಲಿಜಿಯಂ ಇದೆ, ಹಾಗಾಗಿ ನಾವು ಚೆನ್ನಾಗಿದ್ದೇವೆ ಎನ್ನುವ ಆಸೆ ಯಾರಿಗಾದರೂ ಬಂದರೆ ಕೊಲಿಜಿಯಂಗೂ ಮುಂಚಿನ ಒಂದು ಕನ್ನಡಿಗ ಹೆಸರು ಹೇಳುತ್ತೇನೆ. ಕಾರ್ಕಳ ತಾಲೂಕಿನ ಕೆ.ಎಸ್. ಹೆಗ್ಡೆ. 1952ರಿಂದ 57ರವರೆಗೆ ಕಾಂಗ್ರೆಸ್‌ನ ರಾಜ್ಯಸಭಾ ಸದಸ್ಯರು. ಅಲ್ಲಿಂದ ನೇರ ಮೈಸೂರು ಹೈಕೋರ್ಟಿಗೆ, ಮುಂದೆ ಸುಪ್ರೀಂ ಕೋರ್ಟಿಗೆ. ‘ಕಾಂಗ್ರೆಸ್ ಬೆಂಬಲಿತ ನ್ಯಾಯಮೂರ್ತಿ’ ಎಂದು ಹಣೆಪಟ್ಟಿ ಹಚ್ಚಲು ಇದಕ್ಕಿಂತ ಏನು ಬೇಕು? ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು ಎಂಬ 1973ರ ಕೇಶವಾನಂದ ಭಾರತಿ ಕೇಸಿನಲ್ಲಿ ಅವರು ಅದೇ ಕಾಂಗ್ರೆಸ್ ಸರ್ಕಾರದ ವಾದ ಒಪ್ಪಲಿಲ್ಲ. ತೀರ್ಪಿನ ಮರುದಿನವೇ ಅವರನ್ನೂ ಇನ್ನಿಬ್ಬರನ್ನೂ ದಾಟಿ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಅಲ್ಲಿ ಮತದಾರರ ಭಯ, ಇಲ್ಲಿ ಬಡ್ತಿ ಕೊಡುವವರ ಭಯ.

ಇದೇ ಹೊತ್ತಿಗೆ ಮೆಕ್ಸಿಕೊ ಇಡೀ ನ್ಯಾಯಾಂಗವನ್ನೇ ಚುನಾವಣೆಗೆ ಒಡ್ಡಲು ಹೊರಟಿದೆ. 2025ರ ಜೂನ್ 1ರಂದು ಮೊದಲ ಸುತ್ತು. 881 ಫೆಡರಲ್ ಹುದ್ದೆ, ಮತಪತ್ರದಲ್ಲಿ ಪಕ್ಷ ಇಲ್ಲ, ಪಕ್ಷಗಳು ಪ್ರಚಾರ ಮಾಡುವಂತಿಲ್ಲ. ಬಂದು ಮತ ಹಾಕಿದವರು ನೂರಕ್ಕೆ 13 ಜನ. ಅಷ್ಟು ಹೆಸರು ಯಾರಿಗೆ ನೆನಪಿರುತ್ತದೆ? ಅದಕ್ಕೇ ಯಾರಿಗೆ ಹಾಕಬೇಕು ಎಂದು ಬರೆದ ಚೀಟಿಗಳು ಮುಂಚೆಯೇ ಹಂಚಿಕೆಯಾಗಿದ್ದವು. ಪರೀಕ್ಷೆಯ ಕಾಪಿ ಚೀಟಿಗೆ ಅಲ್ಲಿ ಹೇಳುವ ‘ಅಕಾರ್ಡಿಯನ್’ ಎಂಬ ಹೆಸರನ್ನೇ ಜನ ಇದಕ್ಕೂ ಇಟ್ಟರು. ಸುಪ್ರೀಂ ಕೋರ್ಟಿನ ಒಂಬತ್ತೂ ಕುರ್ಚಿಗಳಿಗೆ ಗೆದ್ದವರು ಆಡಳಿತ ಪಕ್ಷ ಮೊರೇನಾಗೆ ಹತ್ತಿರದವರು ಎಂದೇ ಪತ್ರಿಕೆಗಳು ಬರೆದವು. ಕನ್ನಡ ಪತ್ರಿಕೆಯಾಗಿದ್ದರೆ ‘ಮೊರೇನಾ ಬೆಂಬಲಿತರು’ ಎಂದು ಒಂದೇ ಪದದಲ್ಲಿ ಮುಗಿಸುತ್ತಿತ್ತು.

ನಾರ್ತ್ ಕೆರೊಲಿನಾದಲ್ಲಿ ಮುಂದಿನ ಕುರ್ಚಿಗೆ 2026ರ ನವೆಂಬರ್‌ನಲ್ಲಿ ಮತದಾನ ನಿಗದಿಯಾಗಿದೆ. ಅದು ಡೆಮಾಕ್ರಟ್ ಅನಿತಾ ಅರ್ಲ್ಸ್ ಅವರ ಕುರ್ಚಿ. ಎದುರಿಗೆ ರಿಪಬ್ಲಿಕನ್ ಶಾಸಕಿ ಸಾರಾ ಸ್ಟೀವನ್ಸ್. ರಾಲೀ, ಕೇರಿ ಸುತ್ತಮುತ್ತ ನೆಲೆಸಿ ಪೌರತ್ವ ಪಡೆದ ಕನ್ನಡಿಗರ ಮತಪತ್ರದಲ್ಲೂ ಈ ಎರಡು ಹೆಸರು ಇರುತ್ತವೆ, ಪಕ್ಕದಲ್ಲೇ ಪಕ್ಷದ ಹೆಸರೂ. ಗೆದ್ದವರಿಗೆ ಎಂಟು ವರ್ಷ. ಆಮೇಲೆ ಮತ್ತೆ ಕೈಮುಗಿದು ವೋಟು ಕೇಳಲು ಬರಬೇಕು.